ತಬರಿಯ ಇತಿಹಾಸ: ಲೈಡನ್ನಿನ ಪರಿಷ್ಕರಣದಿಂದ ಗಣಕಯಂತ್ರದವರೆಗೆ

ಅರಬ್ಬೀ ಭಾಷೆಯ ಪ್ರಾಚೀನ ಇತಿಹಾಸಕಾರರಲ್ಲಿ ಅಲ್-ತಬರಿಯು ಅಗ್ರಗಣ್ಯನು. ಹಿಜರಿ 310, ಎಂದರೆ ಕ್ರಿ.ಶ. 923ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡ ಈತನು ಸೃಷ್ಟಿಯಿಂದ ಮೊದಲ್ಗೊಂಡು ತನ್ನ ಕಾಲದವರೆಗಿನ ವೃತ್ತಾಂತವನ್ನು ಪ್ರವಾದಿಗಳ ಮತ್ತು ಅರಸರ ಇತಿಹಾಸವೆಂಬ ಬೃಹದ್ಗ್ರಂಥದಲ್ಲಿ ನಿರೂಪಿಸಿರುವನು. ಬಹುತೇಕ ವೃತ್ತಾಂತಗಳ ಆದಿಯಲ್ಲಿ, ಅದನ್ನು ಯಾರು ಯಾರಿಂದ ಕೇಳಿದರೆಂಬ ನಾಮಪರಂಪರೆಯುಂಟು. ಅದಕ್ಕೆ 'ಇಸ್ನಾದ್' ಎಂದು ಹೆಸರು. ಪಟ್ಟಾವಳಿಗಳಲ್ಲಿ ಪರಿಶ್ರಮವುಳ್ಳವರಿಗೆ ಈ ಪದ್ಧತಿ ತೀರ ಅಪರಿಚಿತವೆನಿಸದು. ಆದರೆ ಇಲ್ಲಿನ ಪರಂಪರೆ ಆಚಾರ್ಯಪೀಠದ್ದಲ್ಲ, ಒಂದೊಂದು ವಾರ್ತೆಯದು.

ಗ್ರಂಥದ ಸಮಗ್ರ ಪ್ರತಿಯು ಒಂದೆಡೆ ದೊರೆಯದಿದ್ದುದರಿಂದ ಡಚ್ ವಿದ್ವಾಂಸ ದ ಗೂಯೆ ಮತ್ತು ಅವರ ಸಹಕಾರಿಗಳು ಹಲವು ಭಂಡಾರಗಳಲ್ಲಿ ಚದುರಿದ್ದ ಬಿಡಿಸಂಪುಟಗಳನ್ನು ಕೂಡಿಸಿ, 1879ರಿಂದ 1901ರವರೆಗೆ ಲೈಡನ್ನಿನಲ್ಲಿ ಪ್ರಕಟಿಸಿದರು.

ಅನಂತರದವರು ತಬರಿಯಿಂದ ಎಷ್ಟನ್ನು ಎತ್ತಿಕೊಂಡರೆಂಬುದು ಹಳೆಯ ಪ್ರಶ್ನೆ. ಕ್ರಿ.ಶ. 1233ರಲ್ಲಿ ತೀರಿಕೊಂಡ ಇಬ್ನ್ ಅಲ್-ಅಸೀರನು ನಾಮಪರಂಪರೆಗಳನ್ನು ಕೈಬಿಟ್ಟು ತಬರಿಯ ವೃತ್ತಾಂತಗಳನ್ನು ತನ್ನ 'ಅಲ್-ಕಾಮಿಲ್'ನಲ್ಲಿ ಸಂಗ್ರಹಿಸಿದನು; ತಬರಿಯೇ ತನಗೆ ಆಧಾರವೆಂದು ಪೀಠಿಕೆಯಲ್ಲಿ ಒಪ್ಪಿಕೊಂಡಿರುವನು. ಹಾಗೆ ಒಪ್ಪಿಕೊಳ್ಳದವರು ಅನೇಕರು. ಅವರ ಋಣವನ್ನು ಗುರುತಿಸಲು ವಿದ್ವಾಂಸನ ಸ್ಮರಣಶಕ್ತಿಯೊಂದೇ ಬಹುಕಾಲ ಉಪಕರಣವಾಗಿತ್ತು.

2016ರಲ್ಲಿ ಆರಂಭವಾದ 'ಓಪನ್ ಐ.ಟಿ.ಐ.' ಎಂಬ ಪಠ್ಯಸಂಚಯದಲ್ಲಿ ಈಗ 10,000ಕ್ಕೂ ಮಿಕ್ಕಿ ಕಡತಗಳಿವೆ. ಒಂದೇ ಗ್ರಂಥದ ಹಲವು ರೂಪಗಳೂ ಇದರಲ್ಲಿ ಸೇರಿವೆ. ಲಂಡನ್ನಿನ ಆಗಾ ಖಾನ್ ವಿಶ್ವವಿದ್ಯಾಲಯದಲ್ಲಿ ಸಾರಾ ಬೋವೆನ್ ಸಾವಂಟ್ ಅವರ ನೇತೃತ್ವದ 'ಕಿತಾಬ್' ಯೋಜನೆಯು ಇವುಗಳನ್ನು 300 ಪದಗಳ ಖಂಡಗಳನ್ನಾಗಿ ಒಡೆದು ಪರಸ್ಪರ ಹೋಲಿಸುತ್ತದೆ. ಹೋಲಿಸುವ ತಂತ್ರಾಂಶದ ಹೆಸರು 'ಪಾಸಿಮ್'. ಅದು ಮೊದಲು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ವೃತ್ತಪತ್ರಿಕೆಗಳಲ್ಲಿ ಮರುಮುದ್ರಣಗೊಂಡ ಬರಹಗಳನ್ನು ಹುಡುಕಲು ಬಳಕೆಯಾಯಿತೆಂಬುದು ವಿನೋದದ ಸಂಗತಿ. ಒಬ್ಬನ ಜೀವಮಾನದಲ್ಲಿ ಓದಿ ಮುಗಿಯದಷ್ಟು ಗ್ರಂಥಗಳ ಸಾದೃಶ್ಯಗಳು ಇದರಿಂದ ಬೆಳಕಿಗೆ ಬರುತ್ತಿವೆ.

ಆದರೆ ಸಾದೃಶ್ಯವೇ ಋಣವಲ್ಲ. ಇಬ್ಬರೂ ಲುಪ್ತವಾದ ಮೂರನೆಯ ಆಕರವೊಂದನ್ನು ಅನುಸರಿಸಿರಬಹುದು. ಇದಕ್ಕಿಂತ ಗಹನವಾದ ತೊಡಕು ಮತ್ತೊಂದಿದೆ. ಸಂಚಯದ ಪಠ್ಯಗಳಲ್ಲಿ ಬಹುಪಾಲು ಹಸ್ತಪ್ರತಿಗಳಿಂದ ಬಂದುವಲ್ಲ; 'ಅಲ್-ಮಕ್ತಬ ಅಲ್-ಶಾಮಿಲ'ದಂಥ ಗಣಕಭಂಡಾರಗಳ ಮೂಲಕ ಮುದ್ರಿತ ಆವೃತ್ತಿಗಳಿಂದ ಬಂದುವು. ಪರಿಷ್ಕರ್ತನು ಅಡಿಯಲ್ಲಿ ಕೊಟ್ಟ ಪಾಠಾಂತರಗಳು ಈ ಪ್ರಯಾಣದಲ್ಲಿ ಎಷ್ಟೋ ವೇಳೆ ಉದುರಿಹೋಗಿವೆ. ತ್ರುಟಿತ ಪ್ರತಿಯ ಲುಪ್ತಭಾಗವನ್ನು ಪರಿಷ್ಕರ್ತನು ಪರಕಾಲೀನನ ಉದ್ಧರಣದಿಂದ ತುಂಬಿ, ಅದನ್ನು ಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಸೂಚಿಸಿರುತ್ತಾನೆಂದಿಟ್ಟುಕೊಳ್ಳೋಣ. ಟಿಪ್ಪಣಿ ಬಿದ್ದುಹೋದ ಮೇಲೆ ಯಂತ್ರವು ಆ ಭಾಗವನ್ನೇ ಕಂಡು, ಪರಕಾಲೀನನು ಪೂರ್ವಿಕನನ್ನು ಅಕ್ಷರಶಃ ಅನುಸರಿಸಿದನೆಂದು ತೋರಿಸುವುದು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆನ್ನುವರು. ಈ ದೋಷವು ಯಂತ್ರದ್ದಲ್ಲ, ಅದಕ್ಕೆ ಒಪ್ಪಿಸಿದ ಪಾಠದ್ದು. ಯಂತ್ರವು ತೋರಿದ ಪ್ರತಿಯೊಂದು ಸಾದೃಶ್ಯವನ್ನೂ ಆಯಾ ಆವೃತ್ತಿಯೊಡನೆ, ಸಾಧ್ಯವಾದೆಡೆ ಮೂಲಪ್ರತಿಯೊಡನೆ, ತಾಳೆನೋಡದೆ ಸ್ವೀಕರಿಸಲಾಗದು.

ಕೈಬರಹವನ್ನೇ ನೇರವಾಗಿ ಓದಬಲ್ಲ ಸಾಧನಗಳು ಇದೀಗ ಬಳಕೆಗೆ ಬರುತ್ತಿವೆ. ಬೆಂಜಮಿನ್ ಕೀಸ್ಲಿಂಗ್ ರೂಪಿಸಿದ 'ಕ್ರಾಕೆನ್' ಅಂಥದೊಂದು. ಅಚ್ಚಾದ ಅರಬ್ಬೀ ಪುಟಗಳಲ್ಲಿ ಅದು ಚೆನ್ನಾಗಿ ಫಲಿಸಿದೆ. ಅಂಚಿನಲ್ಲಿ ಓರೆಯಾಗಿ ಬರೆದ ಟಿಪ್ಪಣಿ, ಗುರುಮುಖದಿಂದ ಗ್ರಂಥವನ್ನು ಕೇಳಿದವರ ಹೆಸರುಗಳ ಪಟ್ಟಿ, ಒಡೆಯರ ಮುದ್ರೆ ಇವುಗಳ ಮುಂದೆ ಇನ್ನೂ ತಡವರಿಸುತ್ತಿದೆ.