ತಡವಾಗಿ ಬಂದ ಬಂಡಾಯಗಾರ: ಬೆಂಜಮಿನ್ ಫ್ರಾಂಕ್ಲಿನ್, ವಸಾಹತುಗಳ ಸ್ವಾತಂತ್ರ್ಯ ಮತ್ತು ಜ್ಞಾನೋದಯ

1765ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದ ಜನ ಬೆಂಜಮಿನ್ ಫ್ರಾಂಕ್ಲಿನ್‌ನ ಮನೆಯನ್ನು ಕೆಡವುವುದಾಗಿ ಬೆದರಿಸಿದರು. ಬ್ರಿಟಿಷ್ ಸಂಸತ್ತು ವಸಾಹತುಗಳ ಮೇಲೆ ಹೇರಿದ ಸ್ಟಾಂಪ್ ತೆರಿಗೆಯಲ್ಲಿ ಅವನ ಕೈಯೂ ಇದೆ ಎಂಬುದು ಅವರ ಸಿಟ್ಟು. ಅವನಾಗ ಲಂಡನ್ನಿನಲ್ಲಿದ್ದ. ಹೆಂಡತಿ ಡೆಬೊರಾ ಬಂಧುಗಳನ್ನು ಕರೆಸಿಕೊಂಡು, ಬಂದೂಕು ಇಟ್ಟುಕೊಂಡು ಮನೆ ಕಾದಳು. ಸಿಟ್ಟು ಪೂರ್ತಿ ನಿರಾಧಾರವಾಗಿರಲಿಲ್ಲ. ಫ್ರಾಂಕ್ಲಿನ್ ಆ ಕಾಯ್ದೆಯನ್ನು ವಿರೋಧಿಸಿದ್ದೇನೋ ನಿಜ. ಆದರೆ ಅದು ಅಂಗೀಕಾರವಾದ ಮೇಲೆ, ಪೆನ್ಸಿಲ್ವೇನಿಯಾದಲ್ಲಿ ಸ್ಟಾಂಪ್ ಹಂಚುವ ಹುದ್ದೆಗೆ ತನ್ನ ಗೆಳೆಯ ಜಾನ್ ಹ್ಯೂಸ್‌ನ ಹೆಸರನ್ನು ಸೂಚಿಸಿದ್ದವನೂ ಅವನೇ.

ಅಮೆರಿಕದ ಸ್ಥಾಪಕ ನಾಯಕರ ಚರಿತ್ರೆಗಳು ಈ ಪ್ರಸಂಗವನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತವೆ. ಜ್ಞಾನೋದಯದ ವಿಚಾರಗಳೇ ಫ್ರಾಂಕ್ಲಿನ್‌ನನ್ನು ಸ್ವಾತಂತ್ರ್ಯದ ದಾರಿಗೆ ತಂದವು ಎಂಬ ವಾಡಿಕೆಯ ಕಥನಕ್ಕೆ ಇದು ತೊಡಕಾಗುತ್ತದೆ. ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಸುಮಾರು ಎರಡು ದಶಕ ಕಾಲ ಅವನ ವಿಚಾರಶೀಲತೆ ದುಡಿದದ್ದು ಬ್ರಿಟಿಷ್ ಸಾಮ್ರಾಜ್ಯವನ್ನು ಗಟ್ಟಿಗೊಳಿಸುವುದಕ್ಕೆ. ಸಾಮ್ರಾಜ್ಯ ಅವನನ್ನು ಹೊರಗೆ ತಳ್ಳಿದಾಗ ಅವೇ ಸಾಧನಗಳನ್ನು ಅವನು ಅದರ ವಿರುದ್ಧ ತಿರುಗಿಸಿದ. ಆ ಸಾಧನಗಳು ಅಚ್ಚುಕೂಟ, ಅಂಚೆ, ಪತ್ರವ್ಯವಹಾರ ಮತ್ತು ವಿಜ್ಞಾನದಿಂದ ಬಂದ ಹೆಸರು.

1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಫ್ರಾಂಕ್ಲಿನ್ ಮೇಣದಬತ್ತಿ, ಸಾಬೂನು ಮಾಡಿ ಬದುಕುತ್ತಿದ್ದವನ ಮಗ. ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿತು, 1723ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಫಿಲಡೆಲ್ಫಿಯಾ ಸೇರಿದ. 1727ರಲ್ಲಿ ಕುಶಲಕರ್ಮಿಗಳ ಚರ್ಚಾಕೂಟ ‘ಜಂಟೊ’, 1729ರಲ್ಲಿ ‘ಪೆನ್ಸಿಲ್ವೇನಿಯಾ ಗೆಜೆಟ್’, 1731ರಲ್ಲಿ ಚಂದಾದಾರರ ಗ್ರಂಥಾಲಯ, ಮರುವರ್ಷ ‘ಪೂರ್ ರಿಚರ್ಡ್’ ಪಂಚಾಂಗ ಹೀಗೆ ಅವನ ಕೆಲಸಗಳು ಒಂದರ ಹಿಂದೆ ಒಂದು ಬಂದವು. ಫ್ರಾನ್ಸಿನ ಚಿಂತಕರು ಸಲೋನುಗಳಲ್ಲಿ ಕುಳಿತು ಚರ್ಚಿಸುತ್ತಿದ್ದುದನ್ನು ಅವನು ಅಂಗಡಿ ಬೀದಿಯವರ ನಡುವೆ ಮಾಡಿಸಿದ. ಅವನು ದೊಡ್ಡ ತತ್ತ್ವಗ್ರಂಥವನ್ನೇನೂ ಬರೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಕೊರತೆಯೂ ಅಲ್ಲ.

ಅಂಚೆಯ ಪಾತ್ರಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು. 1737ರಲ್ಲಿ ಫಿಲಡೆಲ್ಫಿಯಾದ ಪೋಸ್ಟ್‌ಮಾಸ್ಟರ್ ಆದವನು 1753ರಲ್ಲಿ ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳ ಅಂಚೆಯ ಇಬ್ಬರು ಮುಖ್ಯಾಧಿಕಾರಿಗಳಲ್ಲಿ ಒಬ್ಬನಾದ. ಆಗಿನ ಒಂದೊಂದು ವಸಾಹತೂ ನೆರೆಯ ವಸಾಹತಿಗಿಂತ ಲಂಡನ್ನಿಗೇ ಹತ್ತಿರ. ಫ್ರಾಂಕ್ಲಿನ್ ತಾನೇ ದಾರಿಗಳನ್ನು ಸುತ್ತಿ ನೋಡಿ, ಲೆಕ್ಕಪತ್ರ ಸರಿಪಡಿಸಿ, ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್ ನಡುವೆ ರಾತ್ರಿಯಲ್ಲೂ ಅಂಚೆ ಓಡುವಂತೆ ಮಾಡಿದ. ಈ ವಸಾಹತುಗಳನ್ನು ಒಂದು ಘಟಕವಾಗಿ ಯೋಚಿಸುವ ಅಭ್ಯಾಸ ಅವನಿಗೆ ಬಂದದ್ದು ಬಹುಮಟ್ಟಿಗೆ ಈ ಕೆಲಸದಿಂದ. 1754ರಲ್ಲಿ ಆಲ್ಬನಿ ಸಭೆಯ ಮುಂದೆ ಅವನಿಟ್ಟ ಒಕ್ಕೂಟದ ಯೋಜನೆಯಲ್ಲಿ ವಸಾಹತುಗಳಿಗೆ ಸೇರಿದ ಒಂದು ಪರಿಷತ್ತು, ಅದರ ಮೇಲೆ ದೊರೆ ನೇಮಿಸುವ ಒಬ್ಬ ಅಧ್ಯಕ್ಷ ಇದ್ದರು. ಅಧಿಕಾರ ಕೈತಪ್ಪುತ್ತದೆಂದು ವಸಾಹತುಗಳು ಅದನ್ನು ತಿರಸ್ಕರಿಸಿದವು, ಲಂಡನ್ನೂ ಕೈಬಿಟ್ಟಿತು.

1751ರಲ್ಲಿ ಬರೆದು 1755ರಲ್ಲಿ ಅಚ್ಚಾದ ಜನಸಂಖ್ಯೆಯ ಕುರಿತ ಅವನ ಪ್ರಬಂಧವೂ ಇದೇ ಧಾಟಿಯದು. ಭೂಮಿ ಧಾರಾಳವಾಗಿರುವ ಅಮೆರಿಕದಲ್ಲಿ ಜನಸಂಖ್ಯೆ 20–25 ವರ್ಷಕ್ಕೊಮ್ಮೆ ಇಮ್ಮಡಿಸುತ್ತದೆ, ಮುಂದೊಂದು ದಿನ ಹೆಚ್ಚಿನ ಇಂಗ್ಲಿಷರು ಅಟ್ಲಾಂಟಿಕ್‌ನ ಈಚೆ ದಡದಲ್ಲೇ ಇರುತ್ತಾರೆ ಎಂಬುದು ಅದರ ವಾದ. ಮಾಲ್ತಸ್ ಮುಂದೆ ಈ ಲೆಕ್ಕವನ್ನು ಬಳಸಿಕೊಂಡ. ಫ್ರಾಂಕ್ಲಿನ್‌ಗೆ ಮಾತ್ರ ಅದು ಬ್ರಿಟನ್ನಿನ ವೈಭವದ ಮುನ್ನೋಟ. ಜರ್ಮನ್ ವಲಸಿಗರ ಬಗ್ಗೆಯೂ ಆಫ್ರಿಕನ್ನರ ಬಗ್ಗೆಯೂ ಅದರಲ್ಲಿರುವ ತಿರಸ್ಕಾರದ ಮಾತುಗಳನ್ನು ಮರೆಮಾಚಿ ಅವನನ್ನು ವಿಶ್ವಮಾನವನನ್ನಾಗಿ ಮಾಡುವುದು ಸಂಶೋಧಕರಿಗೆ ಒಪ್ಪುವ ಕೆಲಸವಲ್ಲ.

ವಿದ್ಯುತ್ತಿನ ಪ್ರಯೋಗಗಳ ಕಥೆ ಎಲ್ಲರಿಗೂ ಗೊತ್ತು. ಅದರ ರಾಜಕೀಯ ಫಲವಷ್ಟೇ ಇಲ್ಲಿ ಮುಖ್ಯ. ಅವನ ಬರಹಗಳು 1751ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. 1752ರ ಮೇ 10ರಂದು ಪ್ಯಾರಿಸ್ ಸಮೀಪದ ಮಾರ್ಲಿಯಲ್ಲಿ ದಾಲಿಬಾರ್ ಏರ್ಪಡಿಸಿದ್ದ ಪ್ರಯೋಗ, ಮೋಡದ ಮಿಂಚೂ ವಿದ್ಯುತ್ತೇ ಎಂಬ ಅವನ ಊಹೆಯನ್ನು ಸಾಬೀತುಮಾಡಿತು. ಮರುವರ್ಷ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂತು. ಯೂರೋಪಿನಲ್ಲಿ ಯಾರಿಗೂ ಪರಿಚಯವಿಲ್ಲದ ವಸಾಹತೊಂದರ ಮುದ್ರಕನಿಗೆ ಈಗ ಅಲ್ಲಿನ ಎಲ್ಲ ಬಾಗಿಲುಗಳೂ ತೆರೆದವು.

1766ರ ಫೆಬ್ರುವರಿಯಲ್ಲಿ ಕಾಮನ್ಸ್ ಸಭೆಯ ಮುಂದೆ ನಿಂತು, ಸ್ಟಾಂಪ್ ಕಾಯ್ದೆಯ ಕುರಿತ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಿ ಅವನು ತನ್ನೂರಿನಲ್ಲಿ ಕಳೆದುಕೊಂಡ ಮಾನವನ್ನು ಮರಳಿ ಗಳಿಸಿದ. ಆ ಮಾರ್ಚ್‌ನಲ್ಲಿ ಕಾಯ್ದೆ ರದ್ದಾಯಿತು. ಆಗಲೂ ಅವನ ಕಣ್ಣಿದ್ದದ್ದು ರಾಜಿಯ ಮೇಲೆ. ಆ ನಂಬಿಕೆ ಮುರಿದದ್ದು 1774ರ ಜನವರಿ 29ರಂದು. ಮ್ಯಾಸಚೂಸೆಟ್ಸ್ ಗವರ್ನರ್ ಹಚಿನ್ಸನ್‌ನ ಖಾಸಗಿ ಪತ್ರಗಳನ್ನು ಬಾಸ್ಟನ್ನಿಗೆ ರವಾನಿಸಿದ್ದಕ್ಕಾಗಿ ಪ್ರಿವಿ ಕೌನ್ಸಿಲ್ ಮುಂದೆ ಸಾಲಿಸಿಟರ್ ಜನರಲ್ ವೆಡರ್‌ಬರ್ನ್ ಅವನನ್ನು ಕಳ್ಳನೆಂಬಂತೆ ಹೀಗಳೆದ. ಸಭಿಕರು ನಕ್ಕರು. 68 ವರ್ಷದ ಫ್ರಾಂಕ್ಲಿನ್ ಒಂದು ಮಾತೂ ಆಡದೆ ನಿಂತಿದ್ದ. ಅದರ ಬೆನ್ನಿಗೇ ಅಂಚೆಯ ಹುದ್ದೆಯೂ ಹೋಯಿತು. 1775ರ ಮೇ ತಿಂಗಳಲ್ಲಿ ಊರಿಗೆ ಮರಳುವ ಹೊತ್ತಿಗೆ ಲೆಕ್ಸಿಂಗ್ಟನ್‌ನಲ್ಲಿ ರಕ್ತ ಹರಿದಾಗಿತ್ತು. ನ್ಯೂಜೆರ್ಸಿಯ ಗವರ್ನರ್ ಆಗಿದ್ದ ಮಗ ವಿಲಿಯಂ ದೊರೆಯ ಪಕ್ಷದಲ್ಲೇ ಉಳಿದ.

1776ರ ಸ್ವಾತಂತ್ರ್ಯ ಘೋಷಣೆಯನ್ನು ಸಿದ್ಧಪಡಿಸಿದ ಐವರ ಸಮಿತಿಯಲ್ಲಿ ಅವನಿದ್ದ. ಕರಡು ಜೆಫರ್ಸನ್‌ನದು, ಅದಕ್ಕೆ ಫ್ರಾಂಕ್ಲಿನ್ ಮಾಡಿದ ತಿದ್ದುಪಡಿ ಅಲ್ಪ. ಅವನ ಪ್ರಭಾವವನ್ನು ಅಳೆಯಬೇಕಾದ್ದು ಫ್ರಾನ್ಸಿನಲ್ಲಿ. ಆ ಡಿಸೆಂಬರ್‌ನಲ್ಲಿ ಅಲ್ಲಿ ಇಳಿದವನು ಪಾಸಿಯಲ್ಲಿ ನೆಲೆಸಿ, ಅಲ್ಲಿಯೂ ಒಂದು ಅಚ್ಚುಯಂತ್ರ ಇಟ್ಟುಕೊಂಡ. ತಲೆಗೆ ತುಪ್ಪಳದ ಟೋಪಿ, ಸಾದಾ ಉಡುಪು. ಪ್ಯಾರಿಸ್ ಅವನಲ್ಲಿ ರೂಸೋ ಬಣ್ಣಿಸಿದ ಸಹಜ ಮನುಷ್ಯನನ್ನು ಕಂಡಿತು. ಬಾಳಿನ ಬಹುಭಾಗವನ್ನು ನಗರಗಳಲ್ಲೇ ಕಳೆದ ಈ ಚತುರ, ಆ ತಪ್ಪು ತಿಳಿವಳಿಕೆಯನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಸಾರಟೋಗದಲ್ಲಿ ಅಮೆರಿಕನ್ನರು ಗೆದ್ದ ಸುದ್ದಿ ಬಂದ ಮೇಲೆ, 1778ರ ಫೆಬ್ರುವರಿ 6ರಂದು ಫ್ರಾನ್ಸ್ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು.

ಆ ಸಹಿಯ ಪರಿಣಾಮ ಮೈಸೂರಿನವರೆಗೂ ಬಂತು. ಬ್ರಿಟನ್–ಫ್ರಾನ್ಸ್ ಯುದ್ಧ ಹೊತ್ತಿಕೊಂಡದ್ದೇ ಈಸ್ಟ್ ಇಂಡಿಯಾ ಕಂಪನಿ ಅದೇ ವರ್ಷ ಪಾಂಡಿಚೇರಿಯನ್ನೂ 1779ರಲ್ಲಿ ಮಾಹೆಯನ್ನೂ ಹಿಡಿಯಿತು. ಹೈದರಾಲಿಗೆ ಫ್ರೆಂಚ್ ಸಾಮಗ್ರಿ ಬರುತ್ತಿದ್ದ ರೇವು ಮಾಹೆ. 1780ರಲ್ಲಿ ಹೈದರಾಲಿ ಕಂಪನಿಯ ವಿರುದ್ಧ ಹೂಡಿದ ಯುದ್ಧಕ್ಕೆ ಇದ್ದ ಕಾರಣಗಳಲ್ಲಿ ಅದರ ಪತನವೂ ಒಂದು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು. ಅದು ಡೆಲಾವೇರ್ ಕೊಲ್ಲಿಯಲ್ಲಿ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆದರೆ 1783ರಲ್ಲಿ ಯೂರೋಪಿನ ಶಾಂತಿಯ ಸುದ್ದಿ ಮುಟ್ಟಿದೊಡನೆ ಫ್ರೆಂಚರು ಮಂಗಳೂರಿನ ಮುತ್ತಿಗೆಯಿಂದ ಕೈ ತೆಗೆದರು, ಟಿಪ್ಪು ಒಂಟಿಯಾದ. ಪ್ಯಾರಿಸ್ಸಿನಲ್ಲಿ ಸಂಧಾನ ಮಾಡುತ್ತಿದ್ದವರಿಗೆ ಮೈಸೂರು ದೂರದ ವಿಷಯ.

ಫ್ರೆಂಚ್ ಚಿಂತನೆಯ ಮೇಲೆ ಫ್ರಾಂಕ್ಲಿನ್‌ನ ನೇರ ಪ್ರಭಾವಕ್ಕೆ ಒಳ್ಳೆಯ ಸಾಕ್ಷಿ ಪೆನ್ಸಿಲ್ವೇನಿಯಾದ 1776ರ ಸಂವಿಧಾನ. ಅದರಲ್ಲಿ ಮೇಲ್ಮನೆಯಿಲ್ಲ, ಇರುವುದು ಒಂದೇ ಶಾಸನಸಭೆ. ಅದನ್ನು ರಚಿಸಿದ ಸಭೆಗೆ ಫ್ರಾಂಕ್ಲಿನ್ ಅಧ್ಯಕ್ಷ, ಬರವಣಿಗೆ ಬಹುಪಾಲು ಇತರರದು. ಫ್ರೆಂಚರು ಮಾತ್ರ ಅದನ್ನು ಅವನದೇ ಕೃತಿಯೆಂದು ಓದಿದರು. ತುರ್ಗೊ, ಕೊಂಡೋರ್ಸೆ ಏಕಸದನವನ್ನು ಮೆಚ್ಚಿಕೊಂಡರು. 1783ರಲ್ಲಿ ಫ್ರಾಂಕ್ಲಿನ್ 13 ರಾಜ್ಯಗಳ ಸಂವಿಧಾನಗಳನ್ನೂ ಲಾ ರೋಶ್‌ಫೂಕೋನಿಂದ ಫ್ರೆಂಚಿಗೆ ತರಿಸಿ ಅಚ್ಚುಹಾಕಿಸಿ ಹಂಚಿದ. ಮತ್ತೆ ಮುದ್ರಕನ ಕೆಲಸವೇ. ತುರ್ಗೊನ ನಿಲುವನ್ನು ಖಂಡಿಸಲು ಜಾನ್ ಆಡಮ್ಸ್ 1787ರಲ್ಲಿ ದೊಡ್ಡ ಗ್ರಂಥವನ್ನೇ ಬರೆಯಬೇಕಾಯಿತು. 1789ರ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ರಾಷ್ಟ್ರೀಯ ಸಭೆ ಎರಡನೇ ಸದನವನ್ನು ಭಾರಿ ಬಹುಮತದಿಂದ ತಳ್ಳಿಹಾಕಿತು. ಶ್ರೀಮಂತ ವರ್ಗದ ಭಯ ಅದಕ್ಕೆ ಮುಖ್ಯ ಕಾರಣವಾದರೂ ಪೆನ್ಸಿಲ್ವೇನಿಯಾದ ಮಾದರಿ ಚರ್ಚೆಯ ಹಿನ್ನೆಲೆಯಲ್ಲಿತ್ತು. ಮರುವರ್ಷವೇ ಪೆನ್ಸಿಲ್ವೇನಿಯಾ ಆ ಮಾದರಿಯನ್ನು ಬಿಟ್ಟು ಎರಡು ಸದನಗಳಿಗೆ ತಿರುಗಿತು!

ಉಳಿದದ್ದು ಗುಲಾಮಗಿರಿಯ ಪ್ರಶ್ನೆ. ಫ್ರಾಂಕ್ಲಿನ್ ಗುಲಾಮರನ್ನು ಇಟ್ಟುಕೊಂಡಿದ್ದ. ಅವರ ಮಾರಾಟದ, ಓಡಿಹೋದವರ ಹುಡುಕಾಟದ ಜಾಹೀರಾತುಗಳು ಅವನ ‘ಗೆಜೆಟ್’ನಲ್ಲಿ ಅಚ್ಚಾಗುತ್ತಿದ್ದವು. ಇಲ್ಲಿಯೂ ಅವನು ತಡವಾಗಿ ಬಂದ. 1787ರಲ್ಲಿ ಪೆನ್ಸಿಲ್ವೇನಿಯಾದ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷನಾದ. ಅದೇ ವರ್ಷ ಅವನೂ ಸಹಿ ಹಾಕಿದ ಸಂವಿಧಾನ ಗುಲಾಮರ ಆಮದನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸುವಂತಿಲ್ಲ ಎಂದಿತ್ತು. 1790ರ ಫೆಬ್ರುವರಿಯಲ್ಲಿ ಅವನ ಸಹಿಯುಳ್ಳ ಮನವಿ ಕಾಂಗ್ರೆಸ್ಸಿಗೆ ಹೋಯಿತು. ಜಾರ್ಜಿಯಾದ ಜೇಮ್ಸ್ ಜ್ಯಾಕ್ಸನ್ ಗುಲಾಮಗಿರಿಯನ್ನು ಸಮರ್ಥಿಸಿ ಮಾತಾಡಿದಾಗ, ಹಾಸಿಗೆ ಹಿಡಿದಿದ್ದ ಫ್ರಾಂಕ್ಲಿನ್ ಪತ್ರಿಕೆಗೆ ಒಂದು ಅಣಕ ಬರೆದ. ಕ್ರೈಸ್ತರನ್ನು ಗುಲಾಮರಾಗಿ ಇಟ್ಟುಕೊಳ್ಳುವುದೇ ನ್ಯಾಯ ಎಂದು ಆಲ್ಜಿಯರ್ಸ್‌ನ ಕಲ್ಪಿತ ಅಧಿಕಾರಿಯೊಬ್ಬ ಜ್ಯಾಕ್ಸನ್‌ನ ವಾದವನ್ನೇ ಒಪ್ಪಿಸುತ್ತಾನೆ ಅದರಲ್ಲಿ. ಪ್ರತಿನಿಧಿ ಸಭೆ ಆ ಮಾರ್ಚ್‌ನಲ್ಲಿ, ರಾಜ್ಯಗಳೊಳಗಿನ ಗುಲಾಮರ ವಿಮೋಚನೆ ತನ್ನ ಅಧಿಕಾರಕ್ಕೆ ಸೇರಿದ್ದಲ್ಲ ಎಂದು ತೀರ್ಮಾನಿಸಿತು. ಏಪ್ರಿಲ್ 17ರಂದು ಫ್ರಾಂಕ್ಲಿನ್ ತೀರಿಕೊಂಡ. ಜೂನ್‌ನಲ್ಲಿ ಮಿರಾಬೋನ ಸೂಚನೆಯಂತೆ ಫ್ರಾನ್ಸಿನ ರಾಷ್ಟ್ರೀಯ ಸಭೆ ಅವನಿಗಾಗಿ ಮೂರು ದಿನ ಶೋಕ ಆಚರಿಸಿತು. ಅವನದೇ ದೇಶದ ಸೆನೆಟ್ ಅಂಥ ಗೌರವ ಸಲ್ಲಿಸಲು ಒಪ್ಪಲಿಲ್ಲ.