ವೈಮಾನಿಕರ ಮಲೇರಿಯ ರಕ್ಷೆ

1820ರಲ್ಲಿ ಪೆಲ್ಟಿಯೇ ಮತ್ತು ಕವಾಂತು ಎಂಬ ಫ್ರೆಂಚ್ ರಸಾಯನಜ್ಞರು ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದಂದಿನಿಂದ ಎರಡನೆಯ ಮಹಾಯುದ್ಧದವರೆಗೂ ಉಷ್ಣದೇಶಗಳ ಯಾತ್ರಿಕರಿಗೆ ಅದೇ ಮುಖ್ಯ ಆಧಾರವಾಗಿದ್ದಿತು. ಯುದ್ಧಕಾಲದಲ್ಲಿ ಜಾವಾ ದ್ವೀಪವು ಜಪಾನೀಯರ ವಶವಾಗಿ ಅಲ್ಲಿನ ಕ್ವಿನೈನಿನ ಸರಬರಾಜು ಕಡಿದುಹೋಗಲು, ಮೈಬಣ್ಣವನ್ನೇ ಹಳದಿಗೆ ತಿರುಗಿಸುವ ಮೆಪಕ್ರೀನ್ ಮಾತ್ರೆಯು ಆ ಸ್ಥಾನಕ್ಕೆ ಬಂದಿತು. ಆಸ್ಟ್ರೇಲಿಯದ ಕೇರ್ನ್ಸ್‌ನಲ್ಲಿ ನೀಲ್ ಹ್ಯಾಮಿಲ್ಟನ್ ಫೇರ್ಲಿಯವರು ಸ್ವಯಂಸೇವಕ ಸೈನಿಕರ ಮೇಲೆ ನಡೆಸಿದ ಪ್ರಯೋಗಗಳು, ದಿನವೂ ತಪ್ಪದೆ ಅದನ್ನು ನುಂಗುವವನು ಜ್ವರವಿಲ್ಲದೆ ಕೆಲಸ ಮಾಡಬಲ್ಲನೆಂಬುದನ್ನು ಸ್ಥಿರಪಡಿಸಿದುವು.

1934ರಲ್ಲಿ ಜರ್ಮನಿಯಲ್ಲಿ ಸಿದ್ಧವಾಗಿ, ವಿಷಕಾರಿಯೆಂಬ ಶಂಕೆಯಿಂದ ಮೂಲೆಗೆ ಸೇರಿದ್ದ ಕ್ಲೋರೋಕ್ವಿನ್ ಯುದ್ಧಾನಂತರ ಬಳಕೆಗೆ ಬಂದಾಗ, ವಾರಕ್ಕೊಮ್ಮೆ ನುಂಗಿದರೆ ಸಾಕೆಂಬ ಅದರ ಸೌಲಭ್ಯವು ದೇಶದೇಶಗಳಿಗೆ ಹಾರುವವರಿಗೆ ವರದಂತೆ ಒದಗಿತು. ಆದರೆ 1950ರ ದಶಕದ ಕೊನೆಗೆ ಥೈಲೆಂಡ್-ಕಾಂಬೋಡಿಯಗಳ ಗಡಿಯಲ್ಲಿಯೂ ಕೊಲಂಬಿಯದಲ್ಲಿಯೂ ಆ ಮದ್ದಿಗೆ ಮಣಿಯದ ಫಾಲ್ಸಿಪಾರಂ ಎಂಬ ಮಲೇರಿಯ ರೋಗಾಣುಗಳು ಕಾಣಿಸಿಕೊಂಡು, ಮುಂದಿನ ಎರಡು ದಶಕಗಳೊಳಗೆ ಆಫ್ರಿಕವನ್ನೂ ಮುಟ್ಟಿದುವು.

ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನಾಲಯವು ಇದಕ್ಕೆ ಪ್ರತಿಯಾಗಿ ರೂಪಿಸಿದ ಮೆಫ್ಲೋಕ್ವಿನ್ ಕೂಡ ವಾರಕ್ಕೊಂದೇ ಮಾತ್ರೆಯ ಮದ್ದು. ಸಾಮಾನ್ಯ ಪ್ರವಾಸಿಯ ಮದ್ದಿಗೂ ವಿಮಾನ ಚಾಲಕನ ಮದ್ದಿಗೂ ಇರುವ ಅಂತರವು ನಿಚ್ಚಳವಾದದ್ದು ಇಲ್ಲಿಯೇ. ಕೆಲವರಲ್ಲಿ ತಲೆಸುತ್ತು, ದುಃಸ್ವಪ್ನ, ಚಿತ್ತಕ್ಷೋಭೆಗಳನ್ನು ಉಂಟುಮಾಡುವ ಈ ಔಷಧವು ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ, ನೂರಾರು ಜೀವಗಳನ್ನು ಹೊತ್ತು ಹಾರುವವನಿಗೆ ಇದು ಸಲ್ಲದೆಂದು ವೈಮಾನಿಕ ವೈದ್ಯಶಾಸ್ತ್ರವು ತೀರ್ಮಾನಿಸಿತು. ಆ ತೀರ್ಮಾನ ಸರ್ವಥಾ ನ್ಯಾಯವಾದುದು.

ಉಳಿದದ್ದು ಡಾಕ್ಸಿಸೈಕ್ಲಿನ್. ಅದು ಮನಸ್ಸನ್ನು ಕದಡದು. ಆದರೆ ಬಿಸಿಲಿಗೆ ಚರ್ಮವನ್ನು ಸುಡಿಸುತ್ತದೆ, ಧಾರಾಳವಾಗಿ ನೀರು ಕುಡಿಯದೆ ನುಂಗಿ ಒಡನೆಯೇ ಮಲಗಿದರೆ ಅನ್ನನಾಳವನ್ನು ಹುಣ್ಣಾಗಿಸುತ್ತದೆ. ರಾತ್ರಿಯ ಹಾರಾಟ ಮುಗಿಸಿ ಹೋಟೆಲಿನ ಹಾಸಿಗೆಗೆ ಒರಗುವ ಗಗನಸಖಿಗೆ ಇದು ಸಣ್ಣ ತೊಡಕಲ್ಲ. ಇದಕ್ಕಿಂತ ಹೆಚ್ಚಿನ ತೊಡಕೆಂದರೆ, ಅದು ರಕ್ತದಲ್ಲಿರುವ ರೋಗಾಣುವನ್ನು ತಡೆಯುವುದಲ್ಲದೆ ಯಕೃತ್ತಿನಲ್ಲಿ ಅಡಗಿದ್ದನ್ನು ನಂಬಬಹುದಾದಷ್ಟು ಮಟ್ಟಿಗೆ ಕೊಲ್ಲಲಾರದಾದುದರಿಂದ, ನೈಜೀರಿಯದ ಲೇಗಾಸಿನಲ್ಲಿ ಕಳೆದ ಒಂದೇ ಇರುಳಿಗಾಗಿ ಮರಳಿದ ಮೇಲೂ ನಾಲ್ಕು ವಾರ ಅದನ್ನು ನುಂಗಬೇಕು. ತಿಂಗಳಿಗೆರಡು ಬಾರಿ ಅಲ್ಲಿಗೆ ಹಾರುವವರಿಗೆ ಮಾತ್ರೆಯ ಸರಣಿ ಮುಗಿಯುವುದೇ ಇಲ್ಲ. ಅಂಥವರು ಬೇಸತ್ತು ನಡುವೆಯೇ ಬಿಟ್ಟುಬಿಡುವುದು ಸಹಜ, ಅಪಾಯವಿರುವುದೂ ಅಲ್ಲಿಯೇ.

2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಟೊವಕ್ವೋನ್-ಪ್ರೊಗ್ವಾನಿಲ್ ಜೋಡಿಮದ್ದು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿತು. ಯಕೃತ್ತಿನ ಹಂತದಲ್ಲಿಯೇ ರೋಗಾಣುವನ್ನು ಹಿಡಿಯುವ ಈ ಮದ್ದನ್ನು ಹೊರಡುವುದಕ್ಕೆ ಒಂದೆರಡು ದಿನ ಮುಂಚೆ ಆರಂಭಿಸಿ, ಮರಳಿದ ಮೇಲೆ ಏಳು ದಿನ ಮುಂದುವರಿಸಿದರೆ ಸಾಕು. ಬೆಲೆ ಮಾತ್ರ ಹೆಚ್ಚು. 2018ರಲ್ಲಿ ಬಂದ ಟಫೆನೊಕ್ವಿನ್ ಮತ್ತೆ ವಾರದ ಮಾತ್ರೆಯನ್ನು ತಂದಿತಾದರೂ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಅದನ್ನು ಕೊಡುವಂತಿಲ್ಲ. ಆಯ್ದ ಮದ್ದು ಯಾವುದೇ ಆಗಲಿ, ಅದರ ಮೊದಲ ಸೇವನೆ ನೆಲದ ಮೇಲೆ, ರಜೆಯ ದಿನದಲ್ಲಿ ನಡೆಯುವುದು ಲೇಸು.

ಸೊಳ್ಳೆ ಕಚ್ಚಿದ ಬಳಿಕ ಫಾಲ್ಸಿಪಾರಂ ಜ್ವರವು ಒಂದು ವಾರ ಕಳೆದ ಮೇಲೆಯೇ ತಲೆದೋರುವುದರಿಂದ, ಅಷ್ಟರಲ್ಲಿ ಮನೆ ಸೇರಿರುವ ವೈಮಾನಿಕನ ಕಾಯಿಲೆಯನ್ನು ಸಾಮಾನ್ಯ ಶೀತಜ್ವರವೆಂದು ಎಣಿಸುವ ಸಂಭವ ಬಹಳ. ಆದಕಾರಣ, ಮಾತ್ರೆ ನುಂಗಿದವರೂ ಜ್ವರ ಬಂದಂದೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರು ಕೇಳದಿದ್ದರೂ ತಾವು ತಂಗಿದ್ದ ಊರಿನ ಹೆಸರನ್ನು ಅವರಿಗೆ ತಿಳಿಸಬೇಕು.