ಟಾಯ್ ಸ್ಟೋರಿ-2: ಮೂಲಕ್ಕೆ ಹೆಗಲೆಣೆಯಾದ ಎರಡನೆಯ ಭಾಗ

ಅಮೆರಿಕದ ಪಿಕ್ಸಾರ್ ಸಂಸ್ಥೆ ನಿರ್ಮಿಸಿ, ವಾಲ್ಟ್ ಡಿಸ್ನಿ ಸಂಸ್ಥೆ 1999ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಅನಿಮೇಷನ್ ಚಲನಚಿತ್ರ ‘ಟಾಯ್ ಸ್ಟೋರಿ-2’. 1995ರ ನವೆಂಬರಿನಲ್ಲಿ ತೆರೆಕಂಡ ‘ಟಾಯ್ ಸ್ಟೋರಿ’ಯ ಮುಂದುವರಿಕೆ ಇದು. ಜಾನ್ ಲ್ಯಾಸೆಟರ್ ಎರಡಕ್ಕೂ ನಿರ್ದೇಶಕರು. ಎರಡನೆಯದಕ್ಕೆ ಲೀ ಅಂಕ್ರಿಚ್ ಮತ್ತು ಆ್ಯಶ್ ಬ್ರ್ಯಾನನ್ ಸಹನಿರ್ದೇಶಕರು. ಪೂರ್ಣಾವಧಿ ಚಲನಚಿತ್ರವೊಂದನ್ನು ಆದ್ಯಂತ ಕಂಪ್ಯೂಟರಿನಲ್ಲಿಯೇ ರೂಪಿಸಿದ ಮೊದಲ ಸಾಹಸ ಎಂಬ ಹಿರಿಮೆ ಮೂಲ ಚಿತ್ರದ್ದು. ಆ ಹೊಸತನದ ಬೆರಗು ನಾಲ್ಕು ವರ್ಷಗಳ ಬಳಿಕ ಉಳಿದಿರಲಿಲ್ಲ. ಎರಡನೆಯ ಭಾಗ ಕಥೆಯ ಬಲದಿಂದಲೇ ನಿಲ್ಲಬೇಕಿತ್ತು.

ಮಕ್ಕಳ ಚಿತ್ರಗಳ ಮುಂದುವರಿಕೆಗೆ ಆಗ ಒಳ್ಳೆಯ ಹೆಸರೇನೂ ಇರಲಿಲ್ಲ. ‘ಅಲ್ಲಾದೀನ್’ ಚಿತ್ರದ ಮುಂದಿನ ಭಾಗವಾದ ‘ದ ರಿಟರ್ನ್ ಆಫ್ ಜಾಫರ್’ 1994ರಲ್ಲಿ ಚಿತ್ರಮಂದಿರವನ್ನು ಮುಟ್ಟದೆ ನೇರವಾಗಿ ವಿಡಿಯೊ ಕ್ಯಾಸೆಟ್ಟಿನಲ್ಲಿ ಬಂದು ಚೆನ್ನಾಗಿ ಮಾರಾಟವಾಯಿತು. ಅಲ್ಲಿಂದ ಡಿಸ್ನಿಗೆ ಇದೊಂದು ಸುಲಭದ ಆದಾಯದ ದಾರಿಯಾಯಿತು. ಕಡಿಮೆ ಖರ್ಚು, ಪರಿಚಿತ ಪಾತ್ರಗಳು, ಮನೆಯಲ್ಲಿ ಮಕ್ಕಳನ್ನು ಒಂದು ಗಂಟೆ ಕೂರಿಸುವಷ್ಟು ಕಥೆ. ‘ಟಾಯ್ ಸ್ಟೋರಿ-2’ ಕೂಡ ಮೊದಲಿಗೆ ಅಂಥದೇ ಒಂದು ವಿಡಿಯೊ ಚಿತ್ರವಾಗಿ ಆರಂಭಗೊಂಡಿತ್ತೆಂಬುದು ಇಂದು ನೋಡುವವರಿಗೆ ಅಚ್ಚರಿಯ ಸಂಗತಿ. ಕೆಲಸ ಸಾಗುತ್ತಿದ್ದಾಗಲೇ ಅದನ್ನು ಚಿತ್ರಮಂದಿರಕ್ಕೆ ತರುವ ನಿರ್ಧಾರವಾಯಿತು.

ಮೂಲ ಚಿತ್ರದ ಕಥೆ ಸರಳವಾದದ್ದು. ಆ್ಯಂಡಿ ಎಂಬ ಹುಡುಗನ ಅಚ್ಚುಮೆಚ್ಚಿನ ಆಟಿಕೆ ವುಡಿ ಎಂಬ ಕೌಬಾಯ್ ಬೊಂಬೆ. ಹುಟ್ಟುಹಬ್ಬಕ್ಕೆ ಬಂದ ಬಜ್ ಲೈಟ್‌ಇಯರ್ ಎಂಬ ಹೊಸ ಅಂತರಿಕ್ಷ ಯೋಧ ಆ ಸ್ಥಾನವನ್ನು ಕಸಿದುಕೊಳ್ಳುತ್ತಾನೆ. ಅಸೂಯೆಯಿಂದ ಆರಂಭವಾದದ್ದು ಸ್ನೇಹದಲ್ಲಿ ಮುಗಿಯುತ್ತದೆ. ನಡುವೆ ಬಜ್‌ಗೆ ತಾನು ನಿಜವಾದ ಯೋಧನಲ್ಲ, ಅಂಗಡಿಯಲ್ಲಿ ಮಾರುವ ಆಟಿಕೆ ಎಂಬ ಸತ್ಯ ಟೆಲಿವಿಷನ್ ಜಾಹೀರಾತೊಂದರಿಂದ ತಿಳಿದುಬರುತ್ತದೆ. ಆಟಿಕೆಯಾಗಿರುವುದು ಸಣ್ಣತನವಲ್ಲ, ಮಗುವೊಂದರ ಪ್ರೀತಿಗೆ ಪಾತ್ರವಾಗುವುದೇ ಅದರ ಸಾರ್ಥಕತೆ ಎಂಬುದು ಚಿತ್ರ ಕೊಡುವ ಉತ್ತರ.

ಸಾಮಾನ್ಯ ಮುಂದುವರಿಕೆಯಾಗಿದ್ದರೆ ಇದೇ ಉತ್ತರವನ್ನು ಇನ್ನೊಂದು ಮನೆಯಲ್ಲಿ, ಇನ್ನೊಬ್ಬ ತುಂಟ ಹುಡುಗನ ಕೈಯಲ್ಲಿ ಮತ್ತೊಮ್ಮೆ ಹೇಳುತ್ತಿತ್ತು. ಎರಡನೆಯ ಭಾಗದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಅದು ಆ ಉತ್ತರವನ್ನೇ ಪ್ರಶ್ನೆಗೆ ಒಡ್ಡುತ್ತದೆ. ಮಗು ಬೆಳೆದು ದೊಡ್ಡದಾದರೆ ಆಟಿಕೆಯ ಗತಿ ಏನು?

ಬೇಸಿಗೆ ಶಿಬಿರಕ್ಕೆ ಹೊರಡುವ ಮುನ್ನ ಆ್ಯಂಡಿಯ ಆಟದಲ್ಲಿ ವುಡಿಯ ತೋಳಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅವನನ್ನು ಕಪಾಟಿನ ಮೇಲೆ ಏರಿಸಿಡಲಾಗುತ್ತದೆ. ಅಲ್ಲಿ ದೂಳಿನ ನಡುವೆ ಇರುವುದು ವೀಜಿ ಎಂಬ ರಬ್ಬರ್ ಪೆಂಗ್ವಿನ್. ಒತ್ತಿದರೆ ಬರಬೇಕಾದ ಕೀಚಲು ದನಿ ಕೆಟ್ಟುಹೋಗಿ, ದುರಸ್ತಿಯ ಭರವಸೆಯಲ್ಲಿ ತಿಂಗಳುಗಟ್ಟಲೆ ಕಾದು ಕುಳಿತ ಜೀವ. ಮನೆಯಂಗಳದಲ್ಲಿ ನಡೆಯುವ ಹಳೆಯ ಸಾಮಾನುಗಳ ಮಾರಾಟಕ್ಕೆ ಹೋದ ವೀಜಿಯನ್ನು ಉಳಿಸಲು ಹೊರಟ ವುಡಿ, ಅಲ್ ಎಂಬ ಆಟಿಕೆ ವ್ಯಾಪಾರಿಯ ಕೈಗೆ ಸಿಕ್ಕಿ ಕಳವಾಗುತ್ತಾನೆ. ತಾನು 1950ರ ದಶಕದ ಟೆಲಿವಿಷನ್ ಕಾರ್ಯಕ್ರಮವೊಂದರ ನಾಯಕ, ಸಂಗ್ರಾಹಕರು ಹಂಬಲಿಸುವ ಅಪರೂಪದ ವಸ್ತು ಎಂಬುದು ಅವನಿಗೆ ಅಲ್ಲಿ ತಿಳಿಯುತ್ತದೆ. ಅದೇ ಕಾರ್ಯಕ್ರಮದ ಜೆಸ್ಸಿ ಎಂಬ ಕೌಗರ್ಲ್, ಬುಲ್ಸ್‌ಐ ಎಂಬ ಕುದುರೆ ಮತ್ತು ಪೆಟ್ಟಿಗೆಯಿಂದ ಒಮ್ಮೆಯೂ ಹೊರಬಾರದ ಮುದುಕ ಸ್ಟಿಂಕಿ ಪೀಟ್ ಅವನ ಬಳಗ. ಎಲ್ಲರನ್ನೂ ಒಟ್ಟಾಗಿ ಜಪಾನಿನ ವಸ್ತುಸಂಗ್ರಹಾಲಯವೊಂದಕ್ಕೆ ಮಾರುವುದು ಅಲ್‌ನ ಹಂಚಿಕೆ. ಸ್ಪುಟ್ನಿಕ್ ಹಾರಿದ ಮೇಲೆ ಮಕ್ಕಳಿಗೆ ಕೌಬಾಯ್‌ಗಳು ಬೇಡವಾಗಿ ಕಾರ್ಯಕ್ರಮವೇ ನಿಂತುಹೋಯಿತೆಂದು ಪೀಟ್ ಹೇಳುವ ಮಾತು ನಗೆ ಬರಿಸುತ್ತದೆ. ಆದರೆ ಅದು ಮೊದಲ ಚಿತ್ರದಲ್ಲಿ ವುಡಿ ಮತ್ತು ಬಜ್‌ರ ನಡುವೆ ನಡೆದ ಕಥೆಯೇ ತಾನೆ? ಆಗ ಒಂದು ಮನೆಯಲ್ಲಿ ನಡೆದದ್ದು ಇಲ್ಲಿ ಒಂದು ದೇಶದಲ್ಲಿ ನಡೆದಿದೆ.

ಗಾಜಿನ ಹಿಂದೆ ಶಾಶ್ವತವಾಗಿ ಉಳಿಯುವುದೋ, ಒಂದಲ್ಲ ಒಂದು ದಿನ ಕೈಬಿಡಲಿರುವ ಹುಡುಗನ ಬಳಿಗೆ ಮರಳುವುದೋ ಎಂಬ ಇಕ್ಕಟ್ಟು ವುಡಿಯದು. ಇದನ್ನು ತೂಕದ ಪ್ರಶ್ನೆಯನ್ನಾಗಿ ಮಾಡಿದ್ದು ಜೆಸ್ಸಿಯ ಹಿಂದಿನ ಕಥೆ. ಎಮಿಲಿ ಎಂಬ ಹುಡುಗಿಯ ಒಡನಾಡಿಯಾಗಿದ್ದ ಜೆಸ್ಸಿ, ಅವಳು ಬೆಳೆದಂತೆ ಮಂಚದ ಕೆಳಗೆ ಸರಿದು, ಕಡೆಗೆ ದಾನದ ಪೆಟ್ಟಿಗೆಯಲ್ಲಿ ರಸ್ತೆಯ ಬದಿಗೆ ಬೀಳುತ್ತಾಳೆ. ರ‍್ಯಾಂಡಿ ನ್ಯೂಮನ್ ರಚಿಸಿ ಸಾರಾ ಮೆಕ್ಲಾಕ್ಲನ್ ಹಾಡಿದ ಗೀತೆಯೊಂದಿಗೆ, ಸಂಭಾಷಣೆಯ ನೆರವಿಲ್ಲದೆ ಕೆಲವೇ ನಿಮಿಷಗಳಲ್ಲಿ ಇಷ್ಟನ್ನೂ ತೋರಿಸಲಾಗಿದೆ. ಎಮಿಲಿಯ ಮುಖ ತೆರೆಯ ಮೇಲೆ ಸ್ಪಷ್ಟವಾಗಿ ಕಾಣುವುದೇ ಇಲ್ಲ, ಕಾಣಬೇಕಾಗಿಯೂ ಇಲ್ಲ. ಮಗುವಿನ ಪಕ್ಕದಲ್ಲಿ ಕುಳಿತ ತಂದೆತಾಯಿಯರು ಆಟಿಕೆಯ ಜಾಗದಲ್ಲಿ ತಮ್ಮನ್ನೇ ಕಾಣುವ ಗಳಿಗೆ ಇದು. ಮೂಲ ಚಿತ್ರದಲ್ಲಿ ಇದಕ್ಕೆ ಸಮನಾದ ದೃಶ್ಯವೊಂದಿಲ್ಲ.

ಈ ದೃಶ್ಯ ಚಿತ್ರದಲ್ಲಿ ಆರಂಭದಿಂದ ಇರಲಿಲ್ಲ. ಪಿಕ್ಸಾರ್ ಸಂಸ್ಥಾಪಕರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮಲ್ 2014ರಲ್ಲಿ ಪ್ರಕಟಿಸಿದ ‘ಕ್ರಿಯೇಟಿವಿಟಿ, ಇನ್ಕ್.’ ಪುಸ್ತಕದಲ್ಲಿ ಇದರ ಹಿನ್ನೆಲೆಯನ್ನು ವಿವರಿಸಿದ್ದಾರೆ. 1998ರ ನವೆಂಬರಿನಲ್ಲಿ ‘ಎ ಬಗ್ಸ್ ಲೈಫ್’ ಬಿಡುಗಡೆಗೊಂಡ ನಂತರ ಲ್ಯಾಸೆಟರ್ ಮತ್ತು ಸಂಗಡಿಗರು ಎರಡನೆಯ ಭಾಗದ ಅಂದಿನ ರೂಪವನ್ನು ನೋಡಿ ನಿರಾಶರಾದರು. ಕಥಾಹಂದರ ಬಹುಪಾಲು ಇದೇ. ಕೊರತೆ ಬೇರೆಯದು: ವುಡಿ ಮನೆಗೆ ಮರಳಿಯೇ ಮರಳುತ್ತಾನೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು, ಹಾಗಾಗಿ ಅವನ ಆಯ್ಕೆಯಲ್ಲಿ ಕಾತರವಿಲ್ಲ. ಆಗ ಕಥೆಗೆ ಬಲ ತುಂಬಲು ಆದ ಮುಖ್ಯ ಬದಲಾವಣೆಗಳು ಎರಡು. ಕೈಬಿಟ್ಟ ಆಟಿಕೆಯ ಭಯವನ್ನು ಮೊದಲಿಗೇ ಬಿತ್ತುವ ವೀಜಿ ಒಂದು, ಆ ಭಯವನ್ನು ನಿಜವಾಗಿಸುವ ಜೆಸ್ಸಿಯ ಗೀತೆ ಇನ್ನೊಂದು. ಇಡೀ ಚಿತ್ರವನ್ನು ಮತ್ತೆ ಕಟ್ಟಲು ಉಳಿದಿದ್ದದ್ದು ಒಂಬತ್ತು ತಿಂಗಳು.

ಇದಕ್ಕೂ ಮುಂಚೆ ಇನ್ನೊಂದು ಅವಘಡ ನಡೆದುಹೋಗಿತ್ತು. 1998ರಲ್ಲಿ ಕಂಪ್ಯೂಟರಿಗೆ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಸುಮಾರು ಶೇ. 90ರಷ್ಟು ಕಡತಗಳು ಅಳಿಸಿಹೋದವು. ಬ್ಯಾಕಪ್ ವ್ಯವಸ್ಥೆಯೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಹೆರಿಗೆಯ ಬಳಿಕ ಮನೆಯಿಂದಲೇ ದುಡಿಯುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದುದರಿಂದ ಚಿತ್ರ ಬದುಕಿತು. ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ಕಚೇರಿಗೆ ತರಲಾಯಿತಂತೆ. ಹಾಗೆ ಉಳಿಸಿಕೊಂಡ ಚಿತ್ರದ ಬಹುಭಾಗವನ್ನು ಕೆಲವೇ ತಿಂಗಳಲ್ಲಿ ತಾವೇ ಕೈಬಿಟ್ಟರೆಂಬುದು ಈ ಪ್ರಸಂಗದ ವಿನೋದ.

ವಿನೋದವಲ್ಲದ ಮುಖವೂ ಒಂದಿದೆ. ಆ ಒಂಬತ್ತು ತಿಂಗಳ ದುಡಿತದಲ್ಲಿ ಸಿಬ್ಬಂದಿಯ ಮೂರನೆಯ ಒಂದು ಭಾಗದಷ್ಟು ಮಂದಿಗೆ ಕೈ, ಮಣಿಕಟ್ಟುಗಳ ನೋವಿನಂಥ ಬಾಧೆಗಳು ಅಂಟಿಕೊಂಡವು ಎಂದು ಕ್ಯಾಟ್‌ಮಲ್ ಬರೆದಿದ್ದಾರೆ. ದಣಿದ ತಂದೆಯೊಬ್ಬರು ಮಗುವನ್ನು ಶಿಶುವಿಹಾರಕ್ಕೆ ಬಿಡುವುದನ್ನು ಮರೆತು, ಬಿಸಿಲಿನಲ್ಲಿ ನಿಂತ ಕಾರಿನಲ್ಲಿಯೇ ಬಿಟ್ಟು ಕೆಲಸಕ್ಕೆ ಬಂದಿದ್ದರು. ಸಕಾಲಕ್ಕೆ ನೆನಪಾಗಿ ಮಗು ಉಳಿಯಿತು. ಮಕ್ಕಳು ಮರೆತ ಆಟಿಕೆಗಳ ಕಥೆಯನ್ನು ಹೇಳುವ ಚಿತ್ರಕ್ಕಾಗಿ ತೆತ್ತ ಬೆಲೆ ಇದು. ಚಿತ್ರದ ಗುಣವನ್ನು ಅಳೆಯುವಾಗ ಇದನ್ನು ಬದಿಗಿಡುವುದು ಸುಲಭವಲ್ಲ. ಸ್ವತಃ ಕ್ಯಾಟ್‌ಮಲ್ ಕೂಡ ಬದಿಗಿಟ್ಟಿಲ್ಲ.

ತಂತ್ರದ ದೃಷ್ಟಿಯಿಂದ ಎರಡನೆಯ ಭಾಗ ಸಾಕಷ್ಟು ಮುಂದಿದೆ. 1995ರಲ್ಲಿ ಆಟಿಕೆಗಳನ್ನೇ ನಾಯಕರನ್ನಾಗಿ ಆರಿಸಿಕೊಳ್ಳಲು ಇದ್ದ ಕಾರಣಗಳಲ್ಲಿ ಒಂದು, ಅಂದಿನ ಕಂಪ್ಯೂಟರಿಗೆ ಪ್ಲಾಸ್ಟಿಕ್ಕಿನ ಹೊಳಪು ಒಲಿದಷ್ಟು ಮನುಷ್ಯರ ಚರ್ಮ ಒಲಿಯುತ್ತಿರಲಿಲ್ಲ ಎಂಬುದು. ಮೊದಲ ಚಿತ್ರದ ಮಕ್ಕಳೂ ದೊಡ್ಡವರೂ ಬೊಂಬೆಗಳಿಗಿಂತ ಹೆಚ್ಚು ಬೊಂಬೆಗಳಂತೆ ಕಾಣುತ್ತಾರೆ. ಎರಡನೆಯದರಲ್ಲಿ ಅಲ್‌ನ ಗಡ್ಡದ ಕೂಳೆ, ನಿದ್ದೆಯಲ್ಲಿ ಏರಿಳಿಯುವ ಹೊಟ್ಟೆ, ಕಪಾಟಿನ ದೂಳು ಎಲ್ಲವೂ ನಂಬುವಂತಿವೆ. ವುಡಿಯ ತೋಳನ್ನು ಹೊಲಿದು, ಕೆನ್ನೆಗೆ ಬಣ್ಣ ಹಚ್ಚಿ ಹೊಸದಾಗಿಸುವ ಮುದುಕನ ದೃಶ್ಯವಂತೂ ಕಸುಬುದಾರನ ಕೈಕೆಲಸವನ್ನು ಮನಸೋತು ನೋಡುವಂಥದು. ಈತ 1997ರ ‘ಗೆರಿಸ್ ಗೇಮ್’ ಎಂಬ ಕಿರುಚಿತ್ರದಲ್ಲಿ ಒಬ್ಬನೇ ಕುಳಿತು ಚದುರಂಗ ಆಡಿದ ಅಜ್ಜ.

ಕೊರತೆಗಳಿಲ್ಲದಿಲ್ಲ. ಮೂಲ ಚಿತ್ರ ಬಿಗಿಯಾದದ್ದು. ಒಂದು ಹುರಿಯ ಕಥೆ, 81 ನಿಮಿಷ. 92 ನಿಮಿಷದ ಎರಡನೆಯದರಲ್ಲಿ ಬಜ್ ಮತ್ತು ಉಳಿದವರು ವುಡಿಯನ್ನು ಹುಡುಕುತ್ತಾ ನಗರ ದಾಟುವ ಭಾಗ ಮನರಂಜನೆಯ ಮಟ್ಟದಲ್ಲಿಯೇ ನಿಲ್ಲುತ್ತದೆ. ಅಂಗಡಿಯಲ್ಲಿ ಸಾಲುಸಾಲಾಗಿ ನಿಂತ ತನ್ನದೇ ಪ್ರತಿರೂಪಗಳನ್ನು ಬಜ್ ಕಾಣುವ ಕ್ಷಣದಲ್ಲಿ ಗಾಢವಾದ ಸಾಧ್ಯತೆಯೊಂದಿತ್ತು. ಚಿತ್ರ ಅದನ್ನು ತಮಾಷೆಗೆ ಒಪ್ಪಿಸಿಬಿಡುತ್ತದೆ. ಖಳ ಜರ್ಗ್‌ನ ಪ್ರಸಂಗ ‘ಸ್ಟಾರ್ ವಾರ್ಸ್’ ಬಲ್ಲವರಿಗೆ ಮಾತ್ರ ಪೂರ್ಣ ದಕ್ಕುವ ಅಣಕ. ವುಡಿ ಮನೆಗೆ ಮರಳುವ ಮನಸ್ಸು ಮಾಡಿದೊಡನೆ ಪೀಟ್ ಖಳನಾಗಿ ಬದಲಾಗುವುದರಿಂದ, ವಾದದಿಂದ ಬಗೆಹರಿಯಬೇಕಿದ್ದ ವಿಷಯ ವಿಮಾನ ನಿಲ್ದಾಣದ ಬೆನ್ನಟ್ಟುವಿಕೆಯಲ್ಲಿ ಬಗೆಹರಿಯುತ್ತದೆ. ಪೀಟ್ ಎತ್ತಿದ ಆಕ್ಷೇಪ ಸುಳ್ಳೇನೂ ಆಗಿರಲಿಲ್ಲ.

ಆದರೂ ಬಜ್ ಬಂದು ವುಡಿಯನ್ನು ಕರೆಯುವ ದೃಶ್ಯದ ಎದುರು ಇವು ಸಣ್ಣವು. ಮೊದಲ ಚಿತ್ರದಲ್ಲಿ ವುಡಿ ಬಜ್‌ಗೆ ಹೇಳಿದ್ದನ್ನು ಇಲ್ಲಿ ಬಜ್ ವುಡಿಗೆ ಹೇಳುತ್ತಾನೆ. ತನ್ನ ಬಗ್ಗೆ ಭ್ರಮೆಗೆ ಒಳಗಾದವನು ಈಗ ವುಡಿ. ಎರಡೂ ಚಿತ್ರಗಳನ್ನು ಒಟ್ಟಾಗಿ ನೋಡಿದವರಿಗೆ ಈ ಅದಲುಬದಲು ಮೂಲವನ್ನೂ ಹೊಸದಾಗಿ ಕಾಣಿಸುತ್ತದೆ. ಮುಂದುವರಿಕೆಯೊಂದು ಮೂಲಕ್ಕೆ ಸಲ್ಲಿಸಬಹುದಾದ ಇದಕ್ಕಿಂತ ದೊಡ್ಡ ಗೌರವ ಬೇರೆಯಿಲ್ಲ.

ಸುಮಾರು 9 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಜಗತ್ತಿನಾದ್ಯಂತ 48 ಕೋಟಿ ಡಾಲರಿಗೂ ಹೆಚ್ಚು ಗಳಿಸಿ ಗಳಿಕೆಯಲ್ಲಿ ಮೂಲವನ್ನು ಮೀರಿಸಿತು. 2000ದ ಜನವರಿಯಲ್ಲಿ ಸಂಗೀತ ಅಥವಾ ಹಾಸ್ಯ ವಿಭಾಗದ ಅತ್ಯುತ್ತಮ ಚಿತ್ರವೆಂದು ಗೋಲ್ಡನ್ ಗ್ಲೋಬ್ ಪಡೆಯಿತು. ಜೆಸ್ಸಿಯ ಗೀತೆ ಆಸ್ಕರ್ ನಾಮಕರಣ ಪಡೆದರೂ ಪ್ರಶಸ್ತಿ ‘ಟಾರ್ಜಾನ್’ ಚಿತ್ರದ ಗೀತೆಗೆ ಹೋಯಿತು.

ಪೀಟ್‌ನ ಆಕ್ಷೇಪ ಮಾತ್ರ ಬಾಕಿ ಉಳಿಯಿತು. ಜೆಸ್ಸಿ ಮತ್ತು ಬುಲ್ಸ್‌ಐಯನ್ನು ವುಡಿ ತನ್ನೊಂದಿಗೆ ಮನೆಗೆ ಕರೆತರುವುದರಿಂದ ಅವನು ಯಾರನ್ನೂ ಕಳೆದುಕೊಳ್ಳಬೇಕಾಗುವುದಿಲ್ಲ. ಆ್ಯಂಡಿ ಆ ಹೊಸಬರನ್ನು ಸಂತೋಷದಿಂದ ಎತ್ತಿಕೊಳ್ಳುತ್ತಾನೆ. ಹುಡುಗ ಕಾಲೇಜಿಗೆ ಹೊರಟು ನಿಂತು, ಆಟಿಕೆಗಳ ಪೆಟ್ಟಿಗೆ ಅಟ್ಟಕ್ಕೋ ಕಸಕ್ಕೋ ಎಂಬ ಗಳಿಗೆ ಬರುವುದು 2010ರ ಮೂರನೆಯ ಚಿತ್ರದಲ್ಲಿ.